ಮಹಾದೇವ ಬಾಬಾನ ಪೆನ್ಸಿಲ್: ಕೃಷ್ಣಾ ದಂಡೆಯ ಕಲ್ಮನೆಗಳನ್ನು ಚಿತ್ರದಾಗ ಉಳಿಸಿದ ಟೇಲರ್ ಸಾಹೇಬ

ಅರಕೇರಾ: ದೇವದುರ್ಗ ದಾಟಿ, ಜಾಲಹಳ್ಳಿ ಮೇಲೆ ಹಾದು ತಿಂಥಣಿ ಬ್ರಿಡ್ಜ್‌ ಹತ್ತಿದರೆ ಕೆಳಗೆ ಕೃಷ್ಣಾ ನದಿ. ಆಚೆ ದಂಡೆಗೆ ಇಳಿದರೆ ಸುರಪುರ ಸೀಮೆ ಶುರು. ಸಂತಿಗೆ, ಬೀಗರ ಊರಿಗೆ, ಮೌನೇಶ್ವರ ಜಾತ್ರೆಗೆ ಅಂತ ಈ ಭಾಗದ ಮಂದಿ ವರ್ಷಕ್ಕೆ ಎಷ್ಟೋ ಸಲ ದಾಟುವ ಹೊಳೆ ಇದು. ಬ್ರಿಡ್ಜ್‌ ಇಲ್ಲದ ಕಾಲದಲ್ಲಿ, ಹರಗೋಲಿನಲ್ಲಿ ಕೂತು ದಾಟಬೇಕಿದ್ದ ದಿನಗಳಲ್ಲಿ, ಇದೇ ಹೊಳೆಯ ಎರಡೂ ದಂಡೆಗಳ ಆಡಳಿತ ನೋಡಿದ ಒಬ್ಬ ಇಂಗ್ಲಿಷ್ ಅಧಿಕಾರಿ ಇದ್ದರು. ಹೆಸರು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈ ಕಡೆ ಬಹಳ ಮಂದಿಗೆ ಗೊತ್ತು. ಬಂಗಲೆ ಕಟ್ಟಿಸಿದ ಸಾಹೇಬ, ಅಷ್ಟು ಸಾಕು ಅಂತ ಅಲ್ಲಿಗೆ ಮಾತು ಮುಗಿತದ.

ಆದರೆ ಆ ಸಾಹೇಬರ ಕೈಯಲ್ಲಿ ಇನ್ನೊಂದು ಕೆಲಸ ಇತ್ತು. ಹೋದಲ್ಲೆಲ್ಲ ಕಾಗದ, ಪೆನ್ಸಿಲ್ ಒಯ್ಯುತ್ತಿದ್ದರು. ಕಂಡದ್ದನ್ನು ಬರಕೊಳ್ಳುತ್ತಿದ್ದರು, ಬರೆಯುವುದು ಸಾಲದಾದಲ್ಲಿ ಚಿತ್ರ ತೆಗೆಯುತ್ತಿದ್ದರು. ಆ ಚಟದಿಂದ ಸುರಪುರ, ಹುಣಸಗಿ, ಶಹಾಪುರ, ಜೇವರ್ಗಿ ಕಡೆಯ ಹೊಲಗಳಲ್ಲಿ ಬಿದ್ದಿದ್ದ ಎರಡು ಮೂರು ಸಾವಿರ ವರ್ಷ ಹಳೆಯ ಗೋರಿಗಳು ಜಗತ್ತಿಗೆ ಗೊತ್ತಾದವು.

ಹದಿನೈದಕ್ಕೆ ಹಡಗು ಹತ್ತಿದ ಹುಡುಗ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ ಊರಿನಲ್ಲಿ. ಅಪ್ಪ ವ್ಯಾಪಾರಿ. ವ್ಯಾಪಾರ ಕುಸಿದು ಮನೆ ಕಷ್ಟಕ್ಕೆ ಬಿತ್ತು. ಅಂಗಡಿ ನಡೆಸೋರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಹುಡುಗನ ಶಾಲೆ ಬೇಗನೆ ನಿಂತಿತು. ಮುಂಬೈಯಲ್ಲಿ ಒಬ್ಬ ವರ್ತಕನ ಕೋಠಿಯಲ್ಲಿ ಕೆಲಸ ಇದೆ, ಮುಂದೆ ಪಾಲುದಾರನೂ ಆಗಬಹುದು ಅಂತ ನಂಬಿಸಿ 1824ರಲ್ಲಿ ಹಡಗು ಹತ್ತಿಸಿದರು. ಆಗ ಅವನಿಗೆ ಹದಿನೈದು ವರ್ಷ. ಮುಂಬೈಗೆ ಬಂದು ನೋಡಿದರೆ ಆ ಕೋಠಿಯೇ ಮುಳುಗುವ ಸ್ಥಿತಿಯಲ್ಲಿತ್ತು.

ಮುಂಬೈ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯೂನ್‌ಹ್ಯಾಮ್ ಎಂಬ ಸಂಬಂಧಿಕರು ಕೈಹಿಡಿದರು. ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ಕೊಡಿಸಿದರು. ಇಲ್ಲಿ ಒಂದು ಮಾತು ಗಮನಿಸಬೇಕು. ಟೇಲರ್ ಕಂಪನಿ ಸರಕಾರದ ನೌಕರ ಆಗಿರಲಿಲ್ಲ, ನಿಜಾಮನ ಪಗಾರ ತಿಂದವರು. ಕಂಪನಿಯ ಅಧಿಕಾರಿಗಳಿಗೆ ಸಿಗುತ್ತಿದ್ದ ಮಾನ, ಬಡ್ತಿ ಇವರಿಗೆ ಸಿಗುತ್ತಿರಲಿಲ್ಲ. ಆ ಕೊರಗು ಅವರಿಗೆ ಕೊನೆತನಕ ಇತ್ತು, ಆತ್ಮಕಥೆ ಓದಿದರೆ ತಿಳಿತದ.

ಶಾಲೆ ಬಿಟ್ಟಿದ್ದ ಹುಡುಗ ಇಲ್ಲಿಗೆ ಬಂದ ಮೇಲೆ ಕಲಿಯುವುದಕ್ಕೆ ಕೂತ. ಮೊದಲು ಹಿಂದೂಸ್ತಾನಿ, ಆಮೇಲೆ ಮರಾಠಿ, ಫಾರ್ಸಿ. ಕಾನೂನು ತಾನೇ ಓದಿಕೊಂಡ. ಭೂಮಾಪನ ತಾನೇ ಕಲಿತ. ಕಲ್ಲು, ಗಿಡ, ಹಳೇ ಕಟ್ಟಡ ಎಲ್ಲದರ ಬಗ್ಗೆ ಕುತೂಹಲ. ಇಪ್ಪತ್ತು ತುಂಬುವ ಮೊದಲೇ ನಿಜಾಮನ ನೈಋತ್ಯ ಸೀಮೆಯ ಪೊಲೀಸ್ ಕೆಲಸ ತಲೆ ಮೇಲೆ ಬಂತು. ಕುದುರೆ ಮೇಲೆ ಊರೂರು ತಿರುಗುವ ಕೆಲಸ. ಡೇರೆಯಲ್ಲಿ ಮಲಗುವುದು, ಚಾವಡಿ ಕಟ್ಟೆಯಲ್ಲಿ ಕೂತು ತಕರಾರು ಕೇಳುವುದು. ದಾರಿಗಳ್ಳರಾದ ಥಗ್ಗರ ಜಾಲದ ಸುಳಿವು ಅವರಿಗೆ ಸಿಕ್ಕಿದ್ದು ಈ ತಿರುಗಾಟದಲ್ಲೇ. ಪ್ರಯಾಣಿಕರ ಜೊತೆ ಗೆಳೆತನ ಮಾಡಿ, ರುಮಾಲಿನಿಂದ ಕುತ್ತಿಗೆ ಬಿಗಿದು ಕೊಲ್ಲುತ್ತಿದ್ದ ಗುಂಪುಗಳು ಅವು. ಮುಂದೆ 1839ರಲ್ಲಿ ಅದರ ಮೇಲೆ ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಲಂಡನ್ನಿನಲ್ಲಿ ಭಾರೀ ಓಡಿತು. ಅಚ್ಚಾಗುವ ಮೊದಲೇ ಅದರ ಹಾಳೆಗಳನ್ನು ರಾಣಿ ವಿಕ್ಟೋರಿಯಾ ತರಿಸಿಕೊಂಡು ಓದಿದ್ದರಂತೆ.

ಕಲ್ಲಿನ ಮೇಲೆ ಅಚ್ಚಾದ ದಖ್ಖನ

ಕಾದಂಬರಿಯಿಂದ ಹೆಸರು ಬಂದಿದ್ದು ನಿಜ. ಆದರೆ ಅದಕ್ಕೂ ಮೊದಲೇ ಟೇಲರ್ ಹೆಸರಿನ ಪುಸ್ತಕವೊಂದು ಲಂಡನ್ನಿನಲ್ಲಿ ಬಂದಿತ್ತು, ಅದು ಚಿತ್ರಗಳ ಪುಸ್ತಕ. 1837ರಲ್ಲಿ ಚಾರ್ಲ್ಸ್ ಟಿಲ್ಟ್ ಎಂಬ ಪ್ರಕಾಶಕ ಹೊರತಂದ ‘ಸ್ಕೆಚಸ್ ಇನ್ ದ ಡೆಕ್ಕನ್’. ಪೊಲೀಸ್, ಪಲ್ಟನ್ ಕೆಲಸದ ನಡುವೆ ತಿರುಗಾಟದಲ್ಲಿ ತೆಗೆದ ಚಿತ್ರಗಳು ಅದರಲ್ಲಿದ್ದವು.

ಆಗ ಫೋಟೋ ಇರಲಿಲ್ಲ. ಕೈಯಿಂದ ತೆಗೆದ ಚಿತ್ರವನ್ನು ನೂರಾರು ಪ್ರತಿ ಮಾಡಬೇಕಾದರೆ ಲಿಥೋ, ಅಂದರೆ ಕಲ್ಲಚ್ಚು. ಇದರ ಕೆಲಸ ಹೇಗೆ ಅಂದರೆ, ನುಣುಪು ಮಾಡಿದ ಸುಣ್ಣಗಲ್ಲಿನ ಚಪ್ಪಡಿ ಬೇಕು. ಶಹಾಬಾದ್ ಪರ್ಸಿಯೂ ಸುಣ್ಣಗಲ್ಲಿನ ಜಾತಿಯದೇ, ಆದರೆ ಅಚ್ಚಿನವರು ಬಳಸುತ್ತಿದ್ದದ್ದು ಜರ್ಮನಿಯ ಬವೇರಿಯಾ ಭಾಗದ ಅತಿ ನಯವಾದ ಕಲ್ಲು. ಅದರ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯಬೇಕು. ಆಮೇಲೆ ಕಲ್ಲಿಗೆ ನೀರು ಸವರಿದರೆ ಜಿಡ್ಡು ಇದ್ದಲ್ಲಿ ನೀರು ನಿಲ್ಲುವುದಿಲ್ಲ. ಮಸಿ ಉರುಳಿಸಿದರೆ ಜಿಡ್ಡು ಇದ್ದಲ್ಲಿ ಮಾತ್ರ ಹಿಡಿತದ. ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ. ಟೇಲರ್ ತೆಗೆದ ಮೂಲ ಚಿತ್ರ ನೋಡಿ ಕಲ್ಲಿನ ಮೇಲೆ ಮತ್ತೆ ಬರೆದವರು ಲಂಡನ್ನಿನ ಲಿಥೋ ಕಲಾವಿದರು. ಈ ಸೀಮೆಯ ಬಿಸಿಲು, ಕೋಟೆ, ಗೋಪುರ, ಮಂದಿ, ಎಲ್ಲ ಹಂಗ ಮಂಜಿನ ಊರಿನ ಶ್ರೀಮಂತರ ಮನೆ ಮೇಜಿನ ಮೇಲೆ ಹೋಗಿ ಕೂತವು. ಆ ಕಾಲಕ್ಕೆ ಇಂಗ್ಲಿಷರಲ್ಲಿ ಇಂಥ ಪುಸ್ತಕದ ಹುಚ್ಚು ಜೋರಾಗಿತ್ತು. ಪೂರ್ವ ದೇಶ ಅಂದರೆ ಪಾಳುಗೋಪುರ, ಆನೆ, ಫಕೀರ ಅಂತ ಅವರ ಕಣ್ಣಿಗೆ ಒಂದು ಚೌಕಟ್ಟು. ಟೇಲರ್ ಚಿತ್ರಗಳಿಗೂ ಆ ಚೌಕಟ್ಟು ಇರಲಿಲ್ಲ ಅಂತ ಹೇಳಲು ಬರುವುದಿಲ್ಲ. ಕೈ ಪಳಗಿದ್ದು ಮಾತ್ರ ಅಲ್ಲೇ.

ಅದೇ ವರ್ಷ ಜಡ್ಡಾಗಿ ಮಲಗಿದರು. ಕಾಡುಜ್ವರ ಬಿಟ್ಟುಬಿಟ್ಟು ಬರುತ್ತಿತ್ತು. ರಜೆ ಹಾಕಿ ಇಂಗ್ಲೆಂಡಿಗೆ ಹೋಗಿ ಬಂದರು. ಕೈಹಿಡಿದಿದ್ದು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು. ಆಕೆ 1844ರಲ್ಲಿ ತೀರಿಕೊಂಡರು. ಆಮೇಲೆ ಟೇಲರ್ ಮತ್ತೆ ಮದುವೆ ಆಗಲಿಲ್ಲ.

ಸುರಪುರದ ಹನ್ನೆರಡು ವರ್ಷ

1841ರ ಕೊನೆಗೆ ಹೈದರಾಬಾದ್ ರೆಸಿಡೆಂಟ್ ಜನರಲ್ ಫ್ರೇಸರ್, ಟೇಲರ್ ಅವರನ್ನು ಸುರಪುರಕ್ಕೆ ಕಳಿಸಿದರು. ಬೇಡ ನಾಯಕರ ಸಂಸ್ಥಾನ ಅದು. ರಾಜಾ ಕೃಷ್ಣಪ್ಪ ನಾಯಕರ ನಂತರ ಗದ್ದುಗೆಗೆ ಬಂದ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ರಾಜನ ತಮ್ಮ ಪಿಡ್ಡ ನಾಯಕ ಇನ್ನೊಂದು ಕಡೆ. ಸಂಸ್ಥಾನದ ಮೇಲೆ ಸಾಲ, ನಜರಾಣಾ ಬಾಕಿ. ಹತ್ತಾರು ಸಾವಿರ ಬೇಡರು ಬಂದೂಕು ಹಿಡಿದು ನಿಲ್ಲಬಲ್ಲ ಸೀಮೆ. ಟೇಲರ್ ಹಿಂದೆ ಇದ್ದದ್ದು ಸಣ್ಣ ದಂಡು.

ಹನ್ನೆರಡು ವರ್ಷ ಅಲ್ಲೇ ಉಳಿದರು. ಲೆಕ್ಕಪತ್ರ ಸರಿ ಮಾಡಿದರು, ಸಾಲ ಇಳಿಸಿದರು, ರಸ್ತೆ ಹಾಕಿಸಿದರು, ಶಾಲೆ ತೆರೆದರು. ಬೋನಾಳ ಕೆರೆಯ ಕಥೆ ಈ ಕಡೆ ರೈತರಿಗೆ ಗೊತ್ತಿರುವುದೇ. ಸುರಪುರ ಅರಸರ ಕಾಲದ ಆ ಹಳೇ ಕೆರೆಯನ್ನು ಟೇಲರ್ ದೊಡ್ಡದು ಮಾಡಿಸಿ ಏರಿ ಗಟ್ಟಿ ಮಾಡಿಸಿದರು. ಈಗ ಅಲ್ಲಿ ಪಕ್ಷಿಧಾಮ ಇದೆ, ಚಳಿಗಾಲದಲ್ಲಿ ದೂರದ ಹಕ್ಕಿಗಳು ಬಂದು ಇಳಿತಾವ. ಗುಡ್ಡದ ಮೇಲೆ ಮನೆ ಕಟ್ಟಿಸಿಕೊಂಡರು, ಅದೇ ಇವತ್ತಿನ ಟೇಲರ್ ಮಂಜಿಲ್. ಮೆಡೋಸ್ ಎಂಬ ಹೆಸರು ಹಳ್ಳಿಗರ ಬಾಯಲ್ಲಿ ಹೊರಳಿ ಹೊರಳಿ ಮಹಾದೇವ ಆಯಿತು. ಮಹಾದೇವ ಬಾಬಾ ಅಂತ ಕಟ್ಟಿದ ಹಾಡುಗಳೂ ದಖ್ಖನದಲ್ಲಿ ಇದ್ದವಂತೆ.

ಸುರಪುರ ಚಿತ್ರ ಗೊತ್ತಿಲ್ಲದ ಊರು ಅಂತ ತಿಳಿಯಬಾರದು. ಅರಮನೆ ಆಶ್ರಯದಲ್ಲಿ ಅಲ್ಲಿ ತನ್ನದೇ ಶೈಲಿಯ ಚಿತ್ರಕಾರರು ಇದ್ದರು. ದೇವರು, ದರ್ಬಾರು, ಬಂಗಾರದ ಬಣ್ಣ, ಕೂದಲೆಳೆಯಷ್ಟು ಸೂಕ್ಷ್ಮ ಗೆರೆ. ಸುರಪುರ ಚಿತ್ರಕಲೆ ಅಂತ ಅದಕ್ಕೆ ಇವತ್ತಿಗೂ ಹೆಸರಿದೆ. ಅದೇ ಊರಿನಲ್ಲಿ ಕೂತು ಟೇಲರ್ ಬೇರೆ ತರಹದ ಚಿತ್ರ ತೆಗೆಯತೊಡಗಿದರು. ಅದರಲ್ಲಿ ಬಣ್ಣ ಕಮ್ಮಿ, ಅಳತೆ ಜಾಸ್ತಿ.

ಆಗಿದ್ದಿಷ್ಟು. ಸಂಸ್ಥಾನದ ಹಳ್ಳಿಗಳಿಗೆ ಕಂದಾಯ, ತಕರಾರು ಅಂತ ತಿರುಗುವಾಗ ಹೊಲಗಳ ನಡುವೆ ವಿಚಿತ್ರ ಕಲ್ಲುಗಳು ಕಂಡವು. ಈಗಿನ ಹುಣಸಗಿ ತಾಲ್ಲೂಕಿನ ರಾಜನಕೋಳೂರು ಹತ್ತಿರ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳು. ಕೆಲವಕ್ಕೆ ಮೂರು ಕಡೆ ಗೋಡೆ, ಒಂದು ಕಡೆ ತೆರವು. ಕೆಲವು ನಾಲ್ಕೂ ಕಡೆ ಮುಚ್ಚಿದವು, ಒಂದು ಗೋಡೆಯಲ್ಲಿ ಗುಂಡನೆ ತೂತು. ಯಾರು ಕಟ್ಟಿದ್ದು ಅಂತ ಕೇಳಿದರೆ ಊರವರು ಮೋರಿಯರ ಮನೆ ಅಂದರು. ಮೋರಿಯರು ಅಂದರೆ ಬಹಳ ಹಿಂದೆ ಇದ್ದ ಕುಳ್ಳ ಮನುಷ್ಯರು, ಗೇಣುದ್ದದವರು ಕಟ್ಟಿಕೊಂಡ ಮನೆ ಅದಕ್ಕೇ ಸಣ್ಣದು ಅಂತ ಕಥೆ. ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡದಲ್ಲೂ ಇದೇ ಕಥೆ, ಇದೇ ಮೋರೇರ ಹೆಸರು. ಟೇಲರ್ ಆ ಕಥೆಯನ್ನು ನಕ್ಕು ಬಿಡಲಿಲ್ಲ, ಬರಕೊಂಡರು. ಕಲ್ಲಿನ ಉದ್ದಗಲ ಅಳೆದರು. ಚಿತ್ರ ತೆಗೆದರು.

ಹಗರಟಗಿ ಕಡೆಗೂ ಇಂಥವೇ ಸಿಕ್ಕವು. ಶಹಾಪುರ ಹತ್ತಿರದ ವಿಭೂತಿಹಳ್ಳಿಯಲ್ಲಿ ಇನ್ನೊಂದು ನಮೂನೆ. ಅಲ್ಲಿ ಮನೆ ಇಲ್ಲ, ಗೋರಿಯ ಗುರುತೂ ಮೇಲ್ನೋಟಕ್ಕೆ ಕಾಣಲ್ಲ. ಬಯಲಿನಲ್ಲಿ ದೊಡ್ಡ ಬಂಡೆಗಳನ್ನು ಉರುಳಿಸಿ ತಂದು, ಹಗ್ಗ ಹಿಡಿದು ಹಾಕಿದಂಗೆ ಸಾಲು ಸಾಲಾಗಿ ಇಟ್ಟಿದ್ದಾರೆ. ಕೂರಿಗೆಯಲ್ಲಿ ಬಿತ್ತಿದ ಬೆಳೆಯ ಸಾಲು ನೋಡಿದಂಗೆ, ಯಾವ ಕಡೆಯಿಂದ ನಿಂತರೂ ಗೆರೆ ತಪ್ಪಲ್ಲ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ಸಂಬಂಧ ಇದೆಯೇ ಅಂತ ಈಗಿನ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಈ ಜಾಗ ಬೇರೆ ಊರಿನ ವಿದ್ವಾಂಸರಿಗೆ ಮೊದಲು ತಿಳಿದದ್ದು ಟೇಲರ್ ಬರಹ, ನಕ್ಷೆಗಳಿಂದ.

ಜೇವರ್ಗಿಯ ಒಂದು ಚಿತ್ರ

ಹೆಚ್ಚು ಹೇಳಬೇಕಾದದ್ದು ಜೇವರ್ಗಿ ಕೆಲಸದ ಬಗ್ಗೆ. ಅಲ್ಲಿ ಹೊಲದಲ್ಲಿ ಕಲ್ಲಿನ ಉಂಗುರ ಇಟ್ಟಂಥ ದಿಬ್ಬಗಳಿದ್ದವು, ಕಲ್ಗುಂಪೆ ಅನ್ನಬಹುದು. ಟೇಲರ್ ಕೂಲಿಯವರನ್ನು ಇಟ್ಟು ಅಗೆಸಿದರು.

ಹಳೇ ದಿಬ್ಬ ಅಗೆಯುವುದು ಅಂದರೆ ಆ ಕಾಲದಲ್ಲಿ, ಬರೀ ಇಲ್ಲಿ ಅಲ್ಲ ಇಂಗ್ಲೆಂಡಿನಲ್ಲೂ, ನಿಧಿ ಹುಡುಕುವ ಕೆಲಸದಂಗೇ ಇತ್ತು. ಮೇಲಿಂದ ಗುಂಡಿ ತೋಡು, ಒಳಗೆ ಗಡಿಗೆ ಗಿಡಿಗೆ ಇದ್ದರೆ ಎತ್ತಿಕೋ, ಮಣ್ಣು ಮುಚ್ಚಿ ನಡಿ. ಯಾವ ವಸ್ತು ಯಾವ ಆಳದಲ್ಲಿ ಇತ್ತು, ಅದರ ಮೇಲಿನ ಮಣ್ಣು ಯಾವ ಬಣ್ಣದ್ದು, ಕೆಳಗೆ ಏನಿತ್ತು ಅಂತ ಯಾರೂ ಬರಕೊಳ್ಳುತ್ತಿರಲಿಲ್ಲ. ಟೇಲರ್ ಮಾಡಿದ್ದೇನಂದರೆ, ದಿಬ್ಬವನ್ನು ನಡುವೆ ಸೀಳಿದಂಗೆ ಅಗೆಸಿ, ಸೀಳಿದ ಗೋಡೆಯಲ್ಲಿ ಕಂಡದ್ದನ್ನೆಲ್ಲ ಚಿತ್ರ ತೆಗೆದರು. ಉಳ್ಳಾಗಡ್ಡಿ ಅಡ್ಡಕ್ಕೆ ಕೊಯ್ದರೆ ಪದರು ಪದರು ಕಾಣ್ತಾವಲ್ಲ, ಹಂಗ. ಮೇಲೆ ಕಲ್ಲಿನ ರಾಶಿ, ಅದರ ಕೆಳಗೆ ಮಣ್ಣು, ಮಣ್ಣಿನಲ್ಲಿ ಅಸ್ಥಿಪಂಜರಗಳು, ಇನ್ನೂ ಕೆಳಗೆ ಚಪ್ಪಡಿ ಕಲ್ಲಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಎಲುಬು, ಕೆಂಪು ಕಪ್ಪು ಬಣ್ಣದ ಮಡಿಕೆ, ತುಕ್ಕು ಹಿಡಿದ ಕಬ್ಬಿಣದ ಆಯುಧ. ಕೆಲವು ಕಡೆ ರುಂಡ ಬೇರೆ, ಮುಂಡ ಬೇರೆ ಇದ್ದವು. ಬಲಿ ಕೊಟ್ಟು ಹೂತಿರಬೇಕು ಅಂತ ಟೇಲರ್ ಊಹಿಸಿದರು. ಊಹೆ ಏನೇ ಇರಲಿ, ರುಂಡ ಎಲ್ಲಿತ್ತೋ ಚಿತ್ರದಲ್ಲಿ ಅಲ್ಲೇ ಇದೆ.

ಇದರ ಬೆಲೆ ಯಾಕೆ ದೊಡ್ಡದು ಅಂದರೆ, ಅಗೆದ ಗೋರಿಯನ್ನು ಮತ್ತೊಮ್ಮೆ ಅಗೆಯಲು ಬರಲ್ಲ. ಒಂದು ಸಲ ಮಣ್ಣು ಕದಡಿದರೆ ಅದರೊಳಗಿನ ಕಥೆಯೂ ಕದಡಿಹೋಯಿತು. ಮುಂದೆ ಉಳಿಯುವುದು ಅಗೆದವನು ಬರೆದಿಟ್ಟದ್ದು ಮಾತ್ರ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ ಪುರಾತತ್ವ ಇಲಾಖೆಯ ಮಾರ್ಟಿಮರ್ ವೀಲರ್, ಪದರು ನೋಡಿ ಅಗೆಯುವ ಪದ್ಧತಿಗೆ ಜಗತ್ತಿನಲ್ಲೇ ಹೆಸರಾದವರು. ತಪ್ಪು ಕಂಡರೆ ಯಾರನ್ನೂ ಬಿಡದ ಮನುಷ್ಯ. ಅಂಥ ವೀಲರ್, ನೂರು ವರ್ಷ ಹಿಂದಿನ ಟೇಲರ್ ಅವರ ಈ ಸೀಳು ಚಿತ್ರಗಳನ್ನು ಕಾಲಕ್ಕಿಂತ ಬಹಳ ಮುಂದಿದ್ದ ಕೆಲಸ ಅಂತ ಮೆಚ್ಚಿ ಬರೆದರು. ಯಾವ ಕಾಲೇಜಿನಲ್ಲೂ ಈ ವಿದ್ಯೆ ಕಲಿಯದ ಟೇಲರ್‌ಗೆ ಸಿಕ್ಕ ಮೆಚ್ಚುಗೆ ಇದು.

ಸುರಪುರ ಸೀಮೆಯ ಕಲ್ಲುಗಳ ಬಗ್ಗೆ ಟೇಲರ್ ಬರೆದ ಲೇಖನ 1850ರ ದಶಕದ ಶುರುವಿನಲ್ಲಿ ಮುಂಬೈಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ದೊಡ್ಡ ಲೇಖನ ಮುಂದೆ ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಚಿತ್ರಗಳ ಸಮೇತ ಅಚ್ಚಾಯಿತು. ಅವರ ವಾದದಲ್ಲಿ ತಪ್ಪೂ ಇತ್ತು. ಇಂಗ್ಲೆಂಡ್, ಐರ್ಲೆಂಡಿನಲ್ಲೂ ಇಂಥ ಕಲ್ಮನೆ ಇರುವುದನ್ನು ನೋಡಿ, ಎರಡನ್ನೂ ಕಟ್ಟಿದ್ದು ಒಂದೇ ಮೂಲದ ಮಂದಿ ಅಂತ ತಿಳಿದರು. ಈಗ ಆ ಮಾತನ್ನು ಯಾರೂ ಒಪ್ಪಲ್ಲ. ಕಬ್ಬಿಣ ಬಳಸಲು ಕಲಿತಿದ್ದ, ಇದೇ ನೆಲದಲ್ಲಿ ದನ ಮೇಯಿಸಿ ಹೊಲ ಮಾಡಿಕೊಂಡಿದ್ದ ಜನ ತಮ್ಮ ಸತ್ತವರಿಗೆ ಕಟ್ಟಿದ ಗೋರಿಗಳು ಇವು. ವಾದ ಬಿದ್ದುಹೋಯಿತು, ಚಿತ್ರ ನಿಂತಿತು.

ಇನ್ನೊಂದು ಮಾತು. ಆ ದಿಬ್ಬ ಅಗೆದ ಕೂಲಿಕಾರರು, ಇಂತಲ್ಲಿ ಕಲ್ಲಿದೆ ಅಂತ ದಾರಿ ತೋರಿಸಿದ ಕುರಿ ಕಾಯೋರು, ಮೋರಿಯರ ಕಥೆ ಹೇಳಿದ ಮುದುಕರು, ಇವರ ಹೆಸರು ಮನೆಮಾತಾಗಲಿಲ್ಲ. 1866ರಲ್ಲಿ ಬಂದ ವಿಜಯಪುರದ ಕಟ್ಟಡಗಳ ದೊಡ್ಡ ಪುಸ್ತಕದಲ್ಲೂ ಇದೇ ಕಥೆ. ಅದಕ್ಕೆ ಇತಿಹಾಸ ಬರೆದವರು ಟೇಲರ್, ವಾಸ್ತು ಟಿಪ್ಪಣಿ ಜೇಮ್ಸ್ ಫರ್ಗ್ಯೂಸನ್ ಅವರದು. ಅದರೊಳಗಿನ ನಕ್ಷೆಗಳನ್ನು ತೆಗೆದ ಇಬ್ಬರು ಇಂಗ್ಲಿಷರ ಹೆಸರು ಮುಖಪುಟದಲ್ಲಿದೆ. ಅವರ ಜೊತೆ ಗೋಲಗುಮ್ಮಟ, ಇಬ್ರಾಹಿಂ ರೋಜಾ ಮುಂದೆ ಬಿಸಿಲಲ್ಲಿ ಕೂತು ಗೆರೆ ಎಳೆದ ಇಲ್ಲಿನವರಿಗೆ ಸಿಕ್ಕಿದ್ದು ದೇಶಿ ನಕ್ಷೆಗಾರರು ಎಂಬ ಒಂದೇ ಶಬ್ದ.

ಅಪ್ಪಾ ಅಂತ ಕರೆದ ರಾಜ

1853ರಲ್ಲಿ ನಿಜಾಮ, ಕಂಪನಿಯ ಸಾಲಕ್ಕೆ ಬದಲಾಗಿ ವರಾಡ, ನಳದುರ್ಗ, ರಾಯಚೂರು ದೋಆಬ್ ಸೀಮೆಗಳನ್ನು ಬ್ರಿಟಿಷರ ಕೈಗೆ ಕೊಟ್ಟ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳೂ ಆ ದೋಆಬಿನಲ್ಲೇ. ಅದೇ ವರ್ಷ ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕರಿಗೆ ಸಂಸ್ಥಾನ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದರು. ತುಳಜಾಪುರದಲ್ಲಿ ಇದ್ದು ಆ ಸೀಮೆಯ ಭೂಮಾಪನ, ರಸ್ತೆ ಕೆಲಸ ನೋಡಿದರು. 1857ರ ದಂಗೆ ಎದ್ದಾಗ ವರಾಡದ ಬುಲ್ಢಾಣಾಕ್ಕೆ ಕಳಿಸಿದರು.

ಇತ್ತ ಸುರಪುರದಲ್ಲಿ 1858ರ ಫೆಬ್ರುವರಿಯಲ್ಲಿ ಯುದ್ಧ ಆಯಿತು. ಬ್ರಿಟಿಷರ ವಿರುದ್ಧ ನಿಂತ ನಾಲ್ವಡಿ ವೆಂಕಟಪ್ಪ ನಾಯಕರ ಬೇಡರ ಪಡೆಯ ಗುಂಡಿಗೆ ಇಂಗ್ಲಿಷ್ ಅಧಿಕಾರಿಗಳು ಬಿದ್ದರು. ದೊಡ್ಡ ದಂಡು ಸುತ್ತುವರಿದಾಗ ರಾಜ ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಸಿಕ್ಕರು. ಚಿಕ್ಕಂದಿನಿಂದ ಟೇಲರ್ ಅವರನ್ನು ಅಪ್ಪಾ ಅಂತ ಕರೆದು ಬೆಳೆದ ಹುಡುಗ ಅವರು. ಸೆರೆಮನೆಯಲ್ಲಿ ಟೇಲರ್ ಹೋಗಿ ಕಂಡರು. ಸಂಗಡಿಗರ ಹೆಸರು ಹೇಳಲು ಯುವಕ ರಾಜ ಒಪ್ಪಲಿಲ್ಲ. ಗಲ್ಲು ಶಿಕ್ಷೆ ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸಕ್ಕೆ ಬಂತು. ಚೆಂಗಲ್‌ಪೇಟೆಗೆ ಒಯ್ಯಲು ಹೊರಟ ದಾರಿಯಲ್ಲಿ, 1858ರ ಮೇ 11ರಂದು, ರಾಜ ಗುಂಡು ತಗುಲಿ ಸತ್ತರು. ಕಾವಲು ಅಧಿಕಾರಿಯ ಪಿಸ್ತೂಲಿನಿಂದ ತಾವೇ ಹೊಡೆದುಕೊಂಡರು ಅಂತ ಸರಕಾರಿ ದಾಖಲೆ. ಈ ಮಾತನ್ನು ಸುರಪುರ ಸೀಮೆಯಲ್ಲಿ ಬಹಳ ಮಂದಿ ಇವತ್ತಿಗೂ ನಂಬಲ್ಲ.

ರಾಜ ಹುಡುಗನಿದ್ದಾಗಲೇ ರಾಣಿ ಈಶ್ವರಮ್ಮ, ಇಪ್ಪತ್ನಾಲ್ಕನೇ ವರ್ಷದಲ್ಲಿ ಮಗನಿಗೆ ಕಂಟಕ ಅಂತಿದ್ದ ಜಾತಕವನ್ನು ಟೇಲರ್‌ಗೆ ಗುಟ್ಟಾಗಿ ತೋರಿಸಿದ್ದರಂತೆ. ಸತ್ತಾಗ ವೆಂಕಟಪ್ಪ ನಾಯಕರಿಗೆ ಇಪ್ಪತ್ನಾಲ್ಕನೇ ವರ್ಷ ನಡೆಯುತ್ತಿತ್ತು. ಆತ್ಮಕಥೆಯಲ್ಲಿ ಟೇಲರ್ ಇದನ್ನು ವಿಸ್ತಾರವಾಗಿ ಬರೆದಿದ್ದಾರೆ. ಸಾಕಿದ ಮಗನ ಸಾವಿಗೆ ಜಾತಕದ ನೆಪ ಸಿಕ್ಕಿದ್ದರಿಂದ ಮನಸ್ಸಿಗೆ ಒಂದಿಷ್ಟು ಹಗುರ ಆಗಿರಬಹುದು. ಯಾಕಂದರೆ ಹುಡುಗನನ್ನು ಬೆಳೆಸಿದವರೂ ಇವರೇ, ಹುಡುಗನನ್ನು ಸೆರೆಗೆ ಹಾಕಿದ ಸರಕಾರದ ಅಧಿಕಾರಿಯೂ ಇವರೇ.

ಆಮೇಲೆ ಪಶ್ಚಿಮ ರಾಯಚೂರು ದೋಆಬ್ ಜೊತೆಗೆ ಸುರಪುರದ ಆಡಳಿತವೂ ಟೇಲರ್ ಕೈಗೆ ಬಂತು. ಕೃಷ್ಣಾ ನದಿಯ ಎರಡೂ ದಂಡೆ ಅವರ ಸುಪರ್ದಿಗೆ ಬಂದದ್ದು ಆಗ. 1860ರಲ್ಲಿ ದೋಆಬ್ ಮತ್ತೆ ನಿಜಾಮನಿಗೆ ಹೋಯಿತು, ಸುರಪುರವನ್ನೂ ನಿಜಾಮನಿಗೇ ಇನಾಮಾಗಿ ಕೊಟ್ಟರು. ಸಂಸ್ಥಾನ ಮುಗಿಯಿತು. ಆರೋಗ್ಯ ಕೆಟ್ಟಿದ್ದ ಟೇಲರ್ ಅದೇ ವರ್ಷ ದೇಶ ಬಿಟ್ಟರು.

ಕಣ್ಣು ಮಂಜಾದ ಮೇಲೆ

ಐರ್ಲೆಂಡಿನ ಡಬ್ಲಿನ್ ಹತ್ತಿರ ಮನೆ ಮಾಡಿದರು. ಅಲ್ಲಿ ಕೂತು ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಅಂತ ಒಂದಾದ ಮೇಲೊಂದು ಕಾದಂಬರಿ ಬರೆದರು, ಭಾರತದ ಇತಿಹಾಸದ ಪಠ್ಯ ಬರೆದರು. ಧಾರವಾಡ, ಮೈಸೂರು ಸೀಮೆಯ ಗುಡಿಗಳ ಫೋಟೋ ಪುಸ್ತಕಕ್ಕೂ ಇತಿಹಾಸ ಬರೆದುಕೊಟ್ಟರು. ಅಷ್ಟೊತ್ತಿಗೆ ಕ್ಯಾಮೆರಾ ಬಂದಿತ್ತು. ಪೆನ್ಸಿಲ್ ಕೆಲಸ ಕಮ್ಮಿ ಆಗುತ್ತಾ ಬಂತು. ಟೇಲರ್ ಕಣ್ಣಿಗೂ ಮಂಜು ಕವಿಯತೊಡಗಿತ್ತು.

ಕೊನೆಯ ಕಾದಂಬರಿ ‘ಎ ನೋಬಲ್ ಕ್ವೀನ್’. ವಿಜಯಪುರ, ಅಹ್ಮದನಗರ ಎರಡೂ ಕಡೆ ರಾಜ್ಯ ಆಳಿದ ಚಾಂದಬೀಬಿಯ ಕಥೆ. ಓದುತ್ತಾ ಹೋದರೆ ಕೃಷ್ಣಾ ನದಿ, ಹರಗೋಲು, ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಕೋಟೆ, ಮುದಗಲ್‌ನ ಕ್ರೈಸ್ತರು, ಬೇಡ ನಾಯಕರು ಎಲ್ಲ ಬರ್ತಾರ. ಬಂಡೆಗಳ ನಡುವೆ ಹೊಳೆ ನುಗ್ಗುವುದನ್ನು ಬರೆದ ಕಡೆ ಮಾತಿನಲ್ಲೇ ಚಿತ್ರ ತೆಗೆದಂಗಿದೆ. ಜಲದುರ್ಗ ನೋಡಿದವರಿಗೆ ಜಾಗದ ಗುರುತು ಹತ್ತುತ್ತದೆ. ಸಾವಿರಾರು ಮೈಲಿ ದೂರದಲ್ಲಿ, ಸರಿಯಾಗಿ ಕಣ್ಣು ಕಾಣದ ಮುದುಕ ನೆನಪಿನಿಂದ ಬರೆದದ್ದು.

1875ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಕರೆಸಿಕೊಂಡದ್ದರಿಂದ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಜ್ವರ ಮತ್ತೆ ಹಿಡಿಯಿತು. ವಾಪಸ್ ಹೋಗುವ ದಾರಿಯಲ್ಲಿ, ಫ್ರಾನ್ಸಿನ ಮಾಂತೊನ್ ಎಂಬ ಸಮುದ್ರದಂಡೆಯ ಊರಿನಲ್ಲಿ 1876ರ ಮೇ 13ರಂದು ತೀರಿಕೊಂಡರು. ಮರುವರ್ಷ ಮಗಳು ಆಲಿಸ್ ಅಪ್ಪನ ಆತ್ಮಕಥೆ ಅಚ್ಚು ಹಾಕಿಸಿದರು. ಚಾಂದಬೀಬಿ ಕಾದಂಬರಿ ಪುಸ್ತಕವಾಗಿ ಬಂದದ್ದು 1878ರಲ್ಲಿ.

ರಾಜನಕೋಳೂರು, ವಿಭೂತಿಹಳ್ಳಿ ಎರಡೂ ಈಗ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಪಟ್ಟಿಯಲ್ಲಿವೆ. ಪಟ್ಟಿಗೆ ಸೇರದೆ ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಗುಂಪೆಗಳ ಪಾಡು ಬೇರೆ. ಈ ಭಾಗದಲ್ಲಿ ಎಷ್ಟೋ ದಿಬ್ಬಗಳು ಉಳುಮೆಗೆ ಸಮ ಆಗಿವೆ, ಕಲ್ಲು ಮನೆ ಪಾಯಕ್ಕೆ, ರಸ್ತೆಗೆ ಹೋಗಿವೆ. ಹಳೇ ಚಪ್ಪಡಿ ಕೆಳಗೆ ಬಂಗಾರ ಇರ್ತದ ಅಂತ ನಂಬಿ ರಾತ್ರಿ ಹೊತ್ತು ಅಗೆಯೋರಿಗೂ ಕೊರತೆ ಇಲ್ಲ. ಟೇಲರ್ ಅಗೆಸಿದ ಗೋರಿಗಳಲ್ಲಿ ಸಿಕ್ಕಿದ್ದು ಎಲುಬು, ಮಡಿಕೆ ಚೂರು, ತುಕ್ಕು ಕಬ್ಬಿಣ.

ನೋಡಬೇಕು ಅನ್ನೋರಿಗೆ ದಾರಿ ದೂರ ಏನಿಲ್ಲ. ದೇವದುರ್ಗದಿಂದ ಹೂವಿನಹೆಡಗಿ ಬ್ರಿಡ್ಜ್‌ ದಾಟಿ ಶಹಾಪುರಕ್ಕೆ ಹೋದರೆ ವಿಭೂತಿಹಳ್ಳಿ ಅಲ್ಲೇ ಹತ್ತಿರ. ರಾಜನಕೋಳೂರಿಗೆ ತಿಂಥಣಿ ಬ್ರಿಡ್ಜ್‌ ದಾಟಿ ಹುಣಸಗಿ ಕಡೆ ತಿರುಗಬೇಕು. ಬ್ಯಾಸಗಿಯಲ್ಲಿ ಅಲ್ಲಿ ನೆರಳಿಲ್ಲ, ಮಳೆ ಮುಗಿದ ಮೇಲೆ ಮುಂಜಾನೆ ಹೊತ್ತಿಗೆ ಹೋಗೋದು ಚಲೋ. ಬೆಳೆ ನಿಂತ ಹೊಲ ತುಳಿಯದೆ, ಊರವರನ್ನು ಮೋರಿಯರ ಮನೆ ಎಲ್ಲಿ ಅಂತ ಕೇಳಿದರೆ ತೋರಿಸ್ತಾರ.